ಬಿಳಿ ಟೈಲ್ಸ್ ಮೇಲೆ ಒದ್ದೆ ಸೈಕಲ್ಲು

ನಮ್ಮ ಬಸವೇಶ್ವರನಗರದಲ್ಲಿ ಒಣಗಿದ ಸೈಕಲ್ಲನ್ನು ಯಾರೂ ತಿರುಗಿ ನೋಡುವುದಿಲ್ಲ. ಅದೇ ಸೈಕಲ್ಲು ಮಳೆಯಲ್ಲಿ ನೆಂದು, ಕೆಸರು ಮೆತ್ತಿಕೊಂಡು ಮನೆಗೆ ಬರಲಿ, ಬೀದಿಗೆ ಬೀದಿಯೇ ಮೆಕ್ಯಾನಿಕ್ ಆಗಿಬಿಡುತ್ತದೆ. ಒಬ್ಬರು ಸೀಮೆಎಣ್ಣೆ ಅನ್ನುತ್ತಾರೆ, ಒಬ್ಬರು ಸೀಗೆಪುಡಿ ಅನ್ನುತ್ತಾರೆ. ಸೈಕಲ್ಲು ತುಳಿದು ಮೂವತ್ತು ವರ್ಷವಾದವರು ಹೆಚ್ಚು ಖಚಿತವಾಗಿ ಅನ್ನುತ್ತಾರೆ. ಹೀಗಾಗಿ ಮಳೆಗಾಲದುದ್ದಕ್ಕೂ ಏನಾದರೊಂದು ಆಗುತ್ತಲೇ ಇರುತ್ತದೆ. ಆಗುವುದು ಸೈಕಲ್ಲಿಗೆ, ಅನ್ನಿಸಿಕೊಳ್ಳುವುದು ನಾನು.

ನಾನು ನಾಗರಬಾವಿ ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಡಂ. ಸೈಕಲ್ಲು ಕೊಂಡಿದ್ದು ಆರೋಗ್ಯಕ್ಕಲ್ಲ, ಪರಿಸರಕ್ಕೂ ಅಲ್ಲ. ಸಿಗ್ನಲ್ಲಿನಲ್ಲಿ ನಿಂತ ಬಸ್ಸಿನೊಳಗೆ ಕೂತು, ಕಿಟಕಿಯಾಚೆ ಒಬ್ಬ ಹಾಲಿನವನು ಸೈಕಲ್ಲಿನಲ್ಲಿ ನಮ್ಮನ್ನು ಹಿಂದೆ ಹಾಕಿ ಹೋಗುವುದನ್ನು ದಿನಾ ನೋಡಿ ಬೇಜಾರಾಗಿ ಕೊಂಡೆ.

ಕರಾರು

ನಾನೂ ನನ್ನ ಗಂಡನೂ ಬಾಡಿಗೆಗಿರುವುದು ಮೊದಲ ಮಹಡಿಯಲ್ಲಿ. ಕೆಳಗೆ ಓನರ್ ಆಂಟಿ. ದಾವಣಗೆರೆ ಕಡೆಯವರು, ಬೆಂಗಳೂರಿಗೆ ಬಂದು ಅರ್ಧ ಆಯುಸ್ಸು ಕಳೆದರೂ ಮಾತು ಅಲ್ಲಿಯದೇ. ಹಣೆಯಲ್ಲಿ ವಿಭೂತಿ, ಕೈಯಲ್ಲಿ ನೆಲ ಒರೆಸುವ ಕೋಲು. ಇವೆರಡೂ ಇಲ್ಲದ ಆಂಟಿಯನ್ನು ನಾನು ಕಂಡಿಲ್ಲ. ಗೇಟಿನಿಂದ ಮೆಟ್ಟಿಲವರೆಗೆ ಅಂಗಳಕ್ಕೆಲ್ಲ ಬಿಳಿ ಟೈಲ್ಸ್ ಹಾಕಿಸಿದ್ದಾರೆ. ಬೆಂಗಳೂರಿನಲ್ಲಿ, ಮನೆಯ ಹೊರಗೆ, ಬಿಳಿ. ಅದನ್ನು ಹಾಕಿಸಿದ ದಿನದಿಂದ ಅವರಿಗೆ ನೆಮ್ಮದಿಯಿಲ್ಲ. ಹಾಗಾಗಿ ನಮಗೂ ಇಲ್ಲ.

ಸೈಕಲ್ಲು ತಂದ ದಿನ ಜಾಗ ಕೇಳಿದೆ.

"ಮೆಟ್ಟಿಲ ಕೆಳಗೆ ಇಡ್ರಿ, ಬ್ಯಾಡ ಅನ್ನಲ್ಲ," ಅಂದರು. "ಆದ್ರೆ ಟೈಲ್ಸ್ ಮ್ಯಾಲೆ ಕೆಸರು ಬಿತ್ತು, ಎಣ್ಣೆ ಬಿತ್ತು ಅಂದ್ರೆ ಗಾಡಿ ಹೊರಗೆ. ಆಮ್ಯಾಲೆ ಆಂಟಿ ಹಂಗೆ, ಆಂಟಿ ಹಿಂಗೆ ಅನ್ಬ್ಯಾಡ್ರಿ."

"ಮಳೆಗಾಲದಲ್ಲೂನಾ ಆಂಟಿ?"

"ಕೆಸರು ಮಳೆಗಾಲದಾಗೇ ಅಲ್ವೇನ್ರಿ ಬರೋದು?"

ಒಪ್ಪಿಕೊಂಡೆ.

ಹೊರಗೆ ಅಂದರೆ ಬೀದಿ. ಬೀದಿ ಅಂದರೆ ಏನು ಎಂಬುದು ನಮಗೆ ಗೊತ್ತಿತ್ತು. ಪಕ್ಕದ ಮನೆಯವರು ಮಗಳ ಸೈಕಲ್ಲನ್ನು ಕರೆಂಟ್ ಕಂಬಕ್ಕೆ ಸರಪಳಿ ಹಾಕಿ ಕಟ್ಟಿದ್ದರು. ಬೆಳಿಗ್ಗೆ ನೋಡಿದರೆ ಕಂಬವಿತ್ತು, ಸರಪಳಿಯಿತ್ತು, ಬೀಗವಿತ್ತು, ಬೀಗದೊಳಗೆ ಮುಂದಿನ ಚಕ್ರವೂ ಇತ್ತು. ಉಳಿದ ಸೈಕಲ್ಲು ಇರಲಿಲ್ಲ. ಅವರು ಕೋಪದಿಂದ ಬೀಗವನ್ನು ಕೊಂಡ ಅಂಗಡಿಗೇ ಒಯ್ದು ಕೌಂಟರಿನ ಮೇಲೆ ಕುಕ್ಕಿದರು. ಅಂಗಡಿಯವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಹೆಮ್ಮೆಯಿಂದ ಅಂದನಂತೆ: "ನಾನ್ ಹೇಳಿರ್ಲಿಲ್ವಾ ಸಾರ್, ಈ ಬೀಗ ಯಾರ ಕೈಲೂ ಒಡಿಯಕ್ಕಾಗಲ್ಲ ಅಂತ."

ಆದ್ದರಿಂದ ಮೆಟ್ಟಿಲ ಕೆಳಗಿನ ಜಾಗವೇ ಗತಿ. ಅದು ಹೋದರೆ ಸೈಕಲ್ಲು ಹೋಯಿತು. ಸೈಕಲ್ಲು ಹೋದರೆ ಮತ್ತೆ ಬಸ್ಸಿನ ಕಿಟಕಿ, ಮತ್ತೆ ಹಾಲಿನವನು.

ಇಲ್ಲಿ ಇನ್ನೊಬ್ಬರನ್ನು ಹೇಳಿಬಿಡಬೇಕು. ಆಂಟಿಗೆ ಕೆಸರಿಗಿಂತ ದೊಡ್ಡ ಶತ್ರು ಎದುರುಮನೆ ಅಂಕಲ್. ಅವರು ದಿನಾ ಬೆಳಿಗ್ಗೆ ಪೈಪು ಹಿಡಿದು ಕಾರು ತೊಳೆಯುತ್ತಾರೆ. ಆ ನೀರು ರಸ್ತೆ ದಾಟಿ ಬಂದು ಸರಿಯಾಗಿ ಆಂಟಿಯ ಗೇಟಿನ ಮುಂದೆ ನಿಲ್ಲುತ್ತದೆ. ಇಬ್ಬರಿಗೂ ಮಾತಿಲ್ಲ. ಹೇಳಬೇಕಾದ್ದನ್ನು ನನಗೆ ಹೇಳುತ್ತಾರೆ, ಆ ಕಡೆಗೆ ಕೇಳಿಸುವಷ್ಟು ಜೋರಾಗಿ.

ಡೀಸೆಲ್

ಮೊದಲ ಮಳೆ ಸಿಕ್ಕಿದ್ದು ಶ್ರೀಗಂಧದ ಕಾವಲಿನಲ್ಲಿ. ಸಹೋದ್ಯೋಗಿಯೊಬ್ಬರ ಮನೆಗೆ ಹೋಗಿದ್ದೆ. ವಾಪಸು ಹೊರಟಾಗ ಜಲಮಂಡಳಿ ಅಗೆದಿತ್ತೋ, ಕೇಬಲ್ಲಿನವರು ಅಗೆದಿದ್ದರೋ, ಅಂತೂ ರಸ್ತೆಯ ಒಳಗಿರಬೇಕಾದ ಮಣ್ಣೆಲ್ಲ ಮೇಲಿತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಸೈಕಲ್ಲಿನ ಬಣ್ಣ ಯಾವುದೆಂದು ನನಗೇ ಮರೆತುಹೋಯಿತು. ಈ ಸ್ಥಿತಿಯಲ್ಲಿ ಬಿಳಿ ಟೈಲ್ಸ್ ಮೇಲೆ ಕಾಲಿಡುವಂತಿಲ್ಲ. ದಾರಿಯಲ್ಲಿ ಬೈಕುಗಳಿಗೆ ವಾಟರ್ ಸರ್ವಿಸ್ ಮಾಡುವ ಅಂಗಡಿ ಕಂಡಿತು. ನುಗ್ಗಿದೆ.

"ಫೋಮ್ ವಾಶಾ ಆಂಟಿ, ನಾರ್ಮಲ್ಲಾ?" ಅಂದ ಅಲ್ಲಿದ್ದ ಯುವಕ.

"ಸೈಕಲ್ ಕಣಪ್ಪ ಇದು."

"ಗಾಡಿ ಗಾಡೀನೇ ಆಂಟಿ. ನಾವು ಭೇದ ಮಾಡಲ್ಲ."

ಮಾಡಲಿಲ್ಲ. ಲಾರಿಗೆ ಹೊಡೆಯುವ ರಭಸದಲ್ಲೇ ನೀರು ಹೊಡೆದ. ಕೆಸರು ಹೋಯಿತು. ಅದರ ಜೊತೆ ಕಂಪನಿಯ ಸ್ಟಿಕ್ಕರೂ ಹೋಯಿತು. ಸೀಟು ಅರ್ಧ ಬಕೆಟ್ ನೀರು ಕುಡಿದು ಗಂಭೀರವಾಯಿತು.

"ಡೀಸೆಲ್ ಹೊಡೀಲಾ? ತುಕ್ಕು ಹಿಡಿಯಲ್ಲ. ಶೈನಿಂಗ್ ಬರುತ್ತೆ."

ಡೀಸೆಲ್ಲಿನ ಪದರ ನೀರನ್ನು ದೂರವಿಡುತ್ತದೆ ಎಂದು ನನ್ನ ಎಂ.ಎಸ್ಸಿ. ಹೇಳಿತು. ಧೂಳನ್ನು ಹತ್ತಿರ ಕರೆಯುತ್ತದೆ ಎಂದು ಹೇಳಲಿಲ್ಲ. ಹೊಡಿ ಅಂದೆ. ಹ್ಯಾಂಡಲ್ಲಿನಿಂದ ಟೈರಿನವರೆಗೆ ಹೊಡೆದ. ಸೈಕಲ್ಲು ಮದುಮಗಳಂತೆ ಹೊಳೆಯಿತು.

ಮಾಗಡಿ ರಸ್ತೆಗೆ ಬಂದರೆ ಮುಂದೆ ಒಂದು ಎಂ-ಸ್ಯಾಂಡ್ ಲಾರಿ. ಹಿಂದಿನ ಬಾಗಿಲಿನ ಸಂದಿಯಿಂದ ಕಲ್ಲುಪುಡಿ ಉದುರುತ್ತಲೇ ಇತ್ತು. ಮನೆ ತಲುಪುವಷ್ಟರಲ್ಲಿ ಸೈಕಲ್ಲು ರವೆಯಲ್ಲಿ ಹೊರಳಿಸಿ ಬಾಣಲೆಗೆ ಬಿಡಲು ಸಿದ್ಧವಾಗಿಟ್ಟ ತಿಂಡಿಯಂತೆ ಕಾಣುತ್ತಿತ್ತು.

ಗೇಟಿನಲ್ಲಿ ಆಂಟಿ ಡೀಸೆಲ್ ವಾಸನೆಗೆ ಮೂಗರಳಿಸಿದರು.

"ಮೇಡಂ, ಸೈಕಲ್ಲಿಗೆ ಇಂಜಿನ್ ಹಾಕ್ಸಿದ್ರೇನ್ರಿ?"

"ಇಲ್ಲ ಆಂಟಿ. ಸರ್ವಿಸ್ ಮಾಡಿಸ್ದೆ."

ಆಂಟಿ ಸೈಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಬಂದರು. ಕೆಳಗೆ ಬಗ್ಗಿ ಟೈಲ್ಸ್ ನೋಡಿದರು. ಒಂದು ಕಣವೂ ಬಿದ್ದಿರಲಿಲ್ಲ. ಎಲ್ಲವೂ ಡೀಸೆಲ್ಲಿಗೆ ಅಂಟಿಕೊಂಡಿತ್ತಲ್ಲ. ಕರಾರು ಮುರಿದಿರಲಿಲ್ಲ, ಹಾಗಾಗಿ ಬೈಯುವಂತಿಲ್ಲ. ಬೈಯಲಾಗದ ಸಂಕಟದಿಂದ ಕೇಳಿದರು:

"ಇದು ತೊಳೆಯೋಕ್ಕೆ ಮೊದ್ಲೋ, ತೊಳೆದ ಮ್ಯಾಲೋ?"

ಹುಣಸೆಹಣ್ಣು

ಮಹಾಲಕ್ಷ್ಮಿ ಲೇಔಟಿನ ಮೈದುನನ ಮನೆಯಿಂದ ಅತ್ತೆ ಬಂದರು. ಅವರಿಗೆ ಮಗ ಹೇಗಿದ್ದಾನೆ ಎನ್ನುವುದಕ್ಕಿಂತ ಪಾತ್ರೆಗಳು ಹೇಗಿವೆ ಎನ್ನುವುದು ಮುಖ್ಯ. ಮೆಟ್ಟಿಲು ಹತ್ತುವಾಗಲೇ ಸೈಕಲ್ಲು ಕಣ್ಣಿಗೆ ಬಿತ್ತು.

"ಏನೇ ಇದು, ಚೈನು ಬಾಣಲೆ ತಳದ ಥರಾ ಆಗಿದೆ."

"ಅದು ಎಣ್ಣೆ ಅತ್ತೆ. ಇರಬೇಕು."

"ಬಾಣಲೇಲಿರೋದೂ ಎಣ್ಣೇನೇ. ಅಂತ ಹಂಗೇ ಬಿಡ್ತೀಯಾ?"

ಸೈಕಲ್ಲನ್ನು ಅವರಿಗೆ ಬಿಟ್ಟು ನಾನು ಕಾಲೇಜಿಗೆ ಬಸ್ಸಿನಲ್ಲಿ ಹೋದೆ. ಅತ್ತೆ ಕೆಳಗಿಳಿದು, ಚೈನಿನ ಅಡಿಗೆ ಒಂದು ಬೇಸಿನ್ನು ಇಟ್ಟು, ಮಣೆ ಹಾಕಿಕೊಂಡು ಕೂತರು. ಹುಣಸೆಹಣ್ಣು, ಕಲ್ಲುಪ್ಪು, ತೆಂಗಿನ ನಾರು. ದೇವರ ದೀಪಕ್ಕೆ ಯಾವ ಮರ್ಯಾದೆಯೋ ಚೈನಿಗೂ ಅದೇ ಮರ್ಯಾದೆ. ಸಂಜೆ ಬಂದು ನೋಡಿದರೆ ಪ್ರತಿ ಕೊಂಡಿಯೂ ಫಳಫಳ.

"ಈಗ ನೋಡು," ಅಂದರು. "ಮುಖ ಕಾಣ್ಸುತ್ತೆ."

ಕಾಣಿಸಿತು. ಆ ಮುಖದಲ್ಲಿ ಸಂತೋಷವಿರಲಿಲ್ಲ. ಕಬ್ಬಿಣ, ಹುಳಿ, ಉಪ್ಪು, ಮಳೆಗಾಲದ ತೇವ. ತುಕ್ಕು ಹಿಡಿಯುವುದು ಹೇಗೆಂದು ಮಕ್ಕಳಿಗೆ ತೋರಿಸಲು ನಾನು ಲ್ಯಾಬಿನಲ್ಲಿ ಜೋಡಿಸುವ ಸಾಮಗ್ರಿಯೂ ಇಷ್ಟು ಪರಿಪೂರ್ಣವಾಗಿರುವುದಿಲ್ಲ. ಎಣ್ಣೆ ಹಾಕೋಣವೆಂದರೆ ಅತ್ತೆ ಬಿಡಲಿಲ್ಲ. ತೊಳೆದ ಪಾತ್ರೆಗೆ ಯಾರಾದರೂ ಎಣ್ಣೆ ಹಚ್ಚಿಡುತ್ತಾರೆಯೇ?

ಬೆಳಿಗ್ಗೆ ಚೈನು ಮೆಣಸಿನಪುಡಿಯ ಬಣ್ಣಕ್ಕೆ ತಿರುಗಿತ್ತು. ಅತ್ತೆ ಬಗ್ಗಿ ನೋಡಿ ತೀರ್ಪು ಕೊಟ್ಟರು: "ಹಿತ್ತಾಳೇದು ತಗೊಂಡಿದ್ರೆ ಹಿಂಗಾಗ್ತಿತ್ತಾ?"

ಆದರೆ ನನ್ನ ಕಣ್ಣು ಚೈನಿನ ಮೇಲಿರಲಿಲ್ಲ. ರಾತ್ರಿ ಎರಚಲು ಹೊಡೆದು, ತುಕ್ಕಿನ ನೀರು ತೊಟ್ಟಿಕ್ಕಿ, ಮೊದಲ ಮೆಟ್ಟಿಲಿನ ಅಂಚಿನುದ್ದಕ್ಕೂ ಬಿಳಿ ಟೈಲ್ಸ್ ಮೇಲೆ ಕೆಂಪಗೆ ಒಂದು ಪಟ್ಟೆ ಹರಿದಿತ್ತು. ಜಾಗ ಹೋಯಿತು ಅಂದುಕೊಂಡೆ. ಒರೆಸಲು ಬಟ್ಟೆ ಹಿಡಿದು ಓಡಿ ಬರುವಷ್ಟರಲ್ಲಿ ಆಂಟಿ ಅಲ್ಲಿ ನಿಂತಿದ್ದರು. ಕೈಯಲ್ಲಿ ರಂಗೋಲಿ ಡಬ್ಬಿ. ಅವತ್ತು ಶುಕ್ರವಾರ.

"ನಿಮ್ಮ ಅತ್ತೇರು ಬಂದಾರಂತ ಮೆಟ್ಟಿಲು ನೋಡಿದ್ರೇ ಗೊತ್ತಾಗ್ತೈತೆ," ಅಂದರು. "ಬೆಳಿಗ್ಗೇನೇ ಎದ್ದು ಕೆಮ್ಮಣ್ಣು ಎಳ್ದಾರೆ ನೋಡ್ರಿ. ಮನೆಗೆ ಏನ್ ಲಕ್ಷಣ ಬಂತು! ನಿಮಗೆ ಇಷ್ಟು ವರ್ಷದಾಗೆ ಒಂದಿನ ಹೊಳೀಲಿಲ್ಲ."

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ತುಕ್ಕಿನ ಪಟ್ಟೆಯನ್ನೊಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು, "ನಮ್ಮ ಕಡೆ ಅಭ್ಯಾಸ," ಅಂದರು.

ಆಂಟಿ ಕೂತು, ನನ್ನ ಚೈನಿನ ತುಕ್ಕಿಗೆ ಎರಡೂ ಕಡೆ ಬಿಳಿ ಎಳೆ ಎಳೆದು, ಮಧ್ಯೆ ಒಂದು ದಾಸವಾಳ ಇಟ್ಟರು. ನಾನು ಬಟ್ಟೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ.

ಬಿಗಿ ಚಡ್ಡಿಯವರು

ಹೊಸ ಚೈನು ಹಾಕಿಸಿದ ಮೇಲೆ, ಬಲ್ಲವರನ್ನೇ ಕೇಳೋಣ ಅನ್ನಿಸಿತು. ಮಲ್ಲತ್ತಹಳ್ಳಿ ಕೆರೆಯ ಹತ್ತಿರ ಭಾನುವಾರ ಬೆಳಿಗ್ಗೆ ದುಬಾರಿ ಸೈಕಲ್ಲಿನ ಮೂವರು ಸೇರುತ್ತಾರೆ. ಹೆಲ್ಮೆಟ್ಟು, ಕಪ್ಪು ಕನ್ನಡಕ, ಉಸಿರು ಬಿಗಿಹಿಡಿದು ತೊಟ್ಟ ಚಡ್ಡಿ. ನಾನು ಸಲ್ವಾರಿನ ಮೇಲೆ ರೇನ್‌ಕೋಟು ಹಾಕಿಕೊಂಡು ಹೋಗಿ, ಮಳೆಯಲ್ಲಿ ನೆಂದ ಸೈಕಲ್ಲನ್ನು ಹೇಗೆ ತೊಳೆಯಬೇಕು ಎಂದು ಕೇಳಿದೆ.

ಒಬ್ಬರು, ನೀರನ್ನೇ ಮುಟ್ಟಿಸಬಾರದು, ಬಟ್ಟೆಯಲ್ಲಿ ಒರೆಸಬೇಕು ಅಂದರು. ಇನ್ನೊಬ್ಬರು, ಬಿಸಿನೀರು ಸೋಪು ಹಾಕಿ ತೊಳೆದು, ಒಣಗಿಸಿ, ಎರಡು ಹನಿ ಎಣ್ಣೆ ಬಿಟ್ಟು, ಮೇಲಿನದನ್ನು ಒರೆಸಬೇಕು ಅಂದರು. ಮೂರನೆಯವರು, ಇಬ್ಬರಿಗೂ ಏನೂ ಗೊತ್ತಿಲ್ಲ ಅಂದರು. ವಾದ ಬೆಳೆಯಿತು. ಜರ್ಮನಿ ಬಂತು, ಜಪಾನ್ ಬಂತು. ನನ್ನ ಕೆಸರು ಒಣಗುತ್ತಾ ಬಂತು.

"ನಿಮ್ಮ ಸೈಕಲ್ ಯಾರು ತೊಳೀತಾರೆ?" ಅಂತ ಕೇಳಿದೆ.

"ಶಾಪ್‌ಗೆ ಕೊಡ್ತೀನಿ," ಅಂದರು ಮೊದಲನೆಯವರು.

"ನಮ್ಮ ಡ್ರೈವರ್," ಅಂದರು ಎರಡನೆಯವರು.

ಮೂರನೆಯವರು ನಾನು ಏನೋ ಅಸಹ್ಯವಾದದ್ದನ್ನು ಕೇಳಿದೆನೆಂಬಂತೆ ನೋಡಿದರು. "ಮಳೇಲಿ ಯಾರಾದ್ರೂ ಸೈಕಲ್ ತೆಗೀತಾರಾ ಮೇಡಂ?"

ಸ್ನಾನ

ಡ್ರೈವರ್ ಇರುವವರ ಸಲಹೆ ಸರಿಯೆನಿಸಿತು. ಬಿಸಿನೀರು, ಸೋಪು, ಎರಡು ಹನಿ ಎಣ್ಣೆ. ತೊಂದರೆಯೆಂದರೆ, ತೊಳೆಯುವ ಜಾಗ. ಕೆಳಗಿನ ನಲ್ಲಿ ಇರುವುದು ಬಿಳಿ ಟೈಲ್ಸ್ ನಡುವೆ. ಬೀದಿಯಲ್ಲಿ ತೊಳೆದರೆ ಆ ನೀರೂ ಗೇಟಿಗೇ ಬಂದು ನಿಲ್ಲುತ್ತದೆ, ಆಂಟಿ ನನ್ನನ್ನು ಎದುರುಮನೆ ಅಂಕಲ್ಲಿನ ಪಕ್ಷಕ್ಕೆ ಸೇರಿಸಿಬಿಡುತ್ತಾರೆ. ಉಳಿದದ್ದು ನಮ್ಮ ಬಚ್ಚಲುಮನೆ.

ಆಂಟಿ ಧಾರಾವಾಹಿಗೆ ಕೂತ ಸಮಯ ನೋಡಿ, ಸೈಕಲ್ಲಿಗೆ ಹಳೇ ಜಮಖಾನ ಸುತ್ತಿ, ನಾನೂ ನನ್ನ ಗಂಡನೂ ಮೇಲೆ ಹೊತ್ತೆವು. ಅವರು ಇನ್ಶೂರೆನ್ಸ್ ಕಚೇರಿಯಲ್ಲಿದ್ದಾರೆ. ಅಪಾಯದ ವಾಸನೆ ಬೇಗ ಹತ್ತುತ್ತದೆ, ಆದರೆ ಮನೆಯಲ್ಲಿ ಅವರ ಮಾತು ನಡೆಯುವುದಿಲ್ಲ. ಬಚ್ಚಲಿನ ಗವಾಕ್ಷಿ ಕೆಳಗಿನ ಅಡುಗೆಮನೆಯ ಕಿಟಕಿಯ ನೇರಕ್ಕಿದೆ ಎನ್ನುವುದು ನಮಗೆ ನೆನಪಾಗಲಿಲ್ಲ. ಧಾರಾವಾಹಿಯ ಜಾಹೀರಾತಿನ ನಡುವೆ ಆಂಟಿ ಅಡುಗೆಮನೆಗೆ ಬರುತ್ತಾರೆ ಎನ್ನುವುದೂ.

ಅವರಿಗೆ ಕೇಳಿಸಿದ್ದು ಇಷ್ಟು:

"ರೀ, ಒಂದೇ ಸಲ ಬಿಸಿನೀರು ಬೇಡ. ಮೆಲ್ಲಗೆ."

"ಹೂಂ."

"ಹಿಂದೆ ಚೆನ್ನಾಗಿ ಉಜ್ಜಬೇಕು. ಅಲ್ಲೇ ಎಲ್ಲಾ ಸೇರಿರೋದು."

"ಅಯ್ಯಪ್ಪಾ, ಸೊಂಟ!"

"ಗೋಡೆ ಹಿಡ್ಕೊಂಡು ನಿಂತ್ಕೊಳ್ಳಿ. ಒರೆಸಿ ಎಣ್ಣೆ ಹಾಕಿದ್ರೆ ಮುಗೀತು. ನಾಳೆಯಿಂದ ಆರಾಮಾಗಿ ಓಡಾಡಬಹುದು."

ಬಾಗಿಲು ಬಡಿದರು. ಪ್ಯಾಂಟು ಮಡಚಿಕೊಂಡು, ಮೈಯೆಲ್ಲ ನೊರೆಯಾಗಿದ್ದ ನನ್ನ ಗಂಡ ಹೋಗಿ ತೆಗೆದರು. ಆಂಟಿ ಒಂದು ಕೈಯಲ್ಲಿ ಎಳನೀರು, ಇನ್ನೊಂದು ಕೈಯಲ್ಲಿ ನೋವಿನೆಣ್ಣೆಯ ಬಾಟಲಿ ಹಿಡಿದು ನಿಂತಿದ್ದರು.

"ಅಯ್ಯೋ ಶಿವನೇ! ಸ್ನಾನ ಮಾಡ್ಸೋವಂಗೆ ಆಗೈತೆ, ಎದ್ದು ಯಾಕ್ ಬಂದ್ರಿ? ಮಲಗ್ರಿ, ಮಲಗ್ರಿ. ಮೇಡಂ, ನೀವಾದ್ರೂ ಹೇಳ್ಬಾರ್ದೇನ್ರಿ? ಸೊಂಟ ಹಿಡಿದ ಮನುಷ್ಯನ್ನ ಬಾಗಿಲು ತೆಗೆಯೋಕೆ ಕಳಿಸ್ತಾರಾ?"

ನಿಜ ಹೇಳಿದರೆ ಬಚ್ಚಲಿನಲ್ಲಿರುವ ಸೈಕಲ್ಲು ಹೊರಬೀಳುತ್ತದೆ. ಬಚ್ಚಲಿನಿಂದಲೂ, ಮೆಟ್ಟಿಲ ಕೆಳಗಿನಿಂದಲೂ. ನನ್ನ ಗಂಡ ನನ್ನ ಮುಖ ನೋಡಿದರು. ಬಚ್ಚಲಿನ ಬಾಗಿಲು ನೋಡಿದರು. ಎಳನೀರು ನೋಡಿದರು. ನಂತರ ಸೊಂಟದ ಮೇಲೆ ಕೈಯಿಟ್ಟು, ನರಳಿ, ನಿಧಾನವಾಗಿ ಹೋಗಿ ಮಲಗಿದರು. ಮದುವೆಯಾದಂದಿನಿಂದ ಅವರಿಂದ ಅಂಥ ಅಭಿನಯ ನಾನು ಕಂಡಿರಲಿಲ್ಲ.

ವಾರವಿಡೀ ಕೆಳಗಿನಿಂದ ಹುರುಳಿ ಸಾರು, ಬಿಸಿ ರೊಟ್ಟಿ, ಶೇಂಗಾ ಚಟ್ನಿ ಬಂದವು. ತರಕಾರಿ ತರುವುದು, ಸಿಲಿಂಡರ್ ಎತ್ತುವುದು, ಎಲ್ಲ ನನ್ನ ಪಾಲಿಗೆ. ಮುಂದಿನ ಸಲ ಮೋಡ ಕವಿದಾಗ ನನ್ನ ಗಂಡನೇ ಕಿಟಕಿಯ ಹತ್ತಿರ ಬಂದು ಆಕಾಶ ನೋಡಿ ಕೇಳಿದರು:

"ಸೈಕಲ್ಲಿಗೆ ಮತ್ತೆ ಸ್ನಾನ ಯಾವಾಗ?"

ಹಳೇ ಬಟ್ಟೆ

ಸೈಕಲ್ಲು ಒರೆಸಲು ಹಳೇ ಬಟ್ಟೆ ಬೇಕು. ನಮ್ಮ ಮನೆಗಳಲ್ಲಿ ಹಳೇ ಬಟ್ಟೆ ಎನ್ನುವುದು ಇಲ್ಲ. ಬನಿಯನ್ನು ಹರಿದರೆ ಟೇಬಲ್ಲು ಒರೆಸುತ್ತದೆ, ಆಮೇಲೆ ಒಲೆಕಟ್ಟೆ, ಆಮೇಲೆ ಕಾಲೊರೆಸು, ಆಮೇಲೆ ಕಿಟಕಿ. ಸೈಕಲ್ಲಿನ ಸರದಿ ಬರುವಷ್ಟರಲ್ಲಿ ಅದು ಬಟ್ಟೆಯಾಗಿ ಉಳಿದಿರುವುದಿಲ್ಲ.

ನವರಾತ್ರಿಯ ಆರಂಭದಲ್ಲಿ ಒಂದು ಸಂಜೆ ಕಾಲೇಜಿನ ಕಡೆ ಮಳೆಗೆ ಸಿಕ್ಕಿ ನೆಂದು ಬಂದೆ, ನಮ್ಮ ಬೀದಿಯಲ್ಲಿ ಹನಿಯೂ ಬಿದ್ದಿರಲಿಲ್ಲ. ಚೈನಿನಿಂದ ಕಪ್ಪು ಎಣ್ಣೆ ಇನ್ನೇನು ಟೈಲ್ಸ್ ಮೇಲೆ ಬೀಳಬೇಕು. ಕಾಂಪೌಂಡಿನ ಮೇಲೆ ಒಂದು ಹರಕು ಬಟ್ಟೆ ಒಣಗುತ್ತಿತ್ತು. ತೂತುಗಳೇ ಜಾಸ್ತಿ, ಬಟ್ಟೆ ಕಮ್ಮಿ. ಎಳೆದುಕೊಂಡು ಚೈನೆಲ್ಲ ಒರೆಸಿ, ಕಪ್ಪಾದ ಭಾಗ ಒಳಗೆ ಹೋಗುವಂತೆ ಮಡಚಿ, ಇದ್ದಲ್ಲೇ ಇಟ್ಟೆ. ಟೈಲ್ಸ್ ಮೇಲೆ ಒಂದು ಚುಕ್ಕೆಯೂ ಇಲ್ಲ. ನನ್ನನ್ನು ನಾನೇ ಮೆಚ್ಚಿಕೊಂಡೆ.

ಅದು ಆಂಟಿ ದೇವರ ದೀಪ, ಆರತಿ ತಟ್ಟೆ ಒರೆಸುವ ಬಟ್ಟೆ. ಮಡಿ ಬಟ್ಟೆಯಾದ್ದರಿಂದ ಬೇರೆಯಾಗಿ ಒಣಹಾಕುತ್ತಾರಂತೆ. ಸಂಜೆಗತ್ತಲಲ್ಲಿ ಒರೆಸಿ, ಕೈ ಮುಗಿದು, ಅದೇ ಕೈಯಿಂದ ಹಣೆಗೆ ವಿಭೂತಿ ಹಚ್ಚಿಕೊಂಡಿದ್ದರು. ಮೇಲೆ ಬಂದು ಬಾಗಿಲಲ್ಲಿ ನಿಂತಾಗ ಹಣೆಯ ಮೇಲೆ ಮೂರು ಪಟ್ಟೆಗಳು. ಬಿಳಿಯಲ್ಲ.

ನಗಬಾರದಾಗಿತ್ತು. ನನ್ನ ಗಂಡ ನಕ್ಕರು. ಸೊಂಟ ಸರಿಯಾಗಿತ್ತಲ್ಲ.

"ಸಾಕು ಮೇಡಂ," ಅಂದರು ಆಂಟಿ. "ಆಯುಧಪೂಜೆ ತನಕ ಇರ್ಲಿ. ಪೂಜೆ ದಿನ ಗಾಡಿ ಹೊರಗೆ ಹಾಕಬಾರ್ದು, ಅದಕ್ಕೆ ಸುಮ್ಕಿರ್ತೀನಿ. ಮಾರನೇ ದಿನ ನಿಮ್ಮ ಸೈಕಲ್ಲು ಕಂಬಕ್ಕೆ."

ಕಂಬಕ್ಕೆ ಇನ್ನೂ ಪಕ್ಕದ ಮನೆಯವರ ಖಾಲಿ ಸರಪಳಿ ನೇತಾಡುತ್ತಿತ್ತು.

ನಿಂಬೆಹಣ್ಣು

ಆಯುಧಪೂಜೆಯ ಬೆಳಿಗ್ಗೆ ಜಿಟಿಜಿಟಿ ಮಳೆ ಬಂದು ನಿಂತಿತ್ತು. ಎದುರುಮನೆ ಅಂಕಲ್ ಹೊಸ ಕಾರು ಕೊಂಡಿದ್ದರು. ಅದಕ್ಕೆ ಮೊದಲನೇ ಪೂಜೆ. ಗೇಟಿಗೆ ಬಾಳೆಕಂದು, ಕಾರಿಗೆ ಸೇವಂತಿಗೆ ಹಾರ, ಮುಂದಿನ ಎರಡು ಚಕ್ರಗಳ ನೇರಕ್ಕೆ ಮೂತಿಯ ಮುಂದೆ ಎರಡು ನಿಂಬೆಹಣ್ಣು. ಬೀದಿಗೆಲ್ಲ ಒಬ್ಬರೇ ಪೂಜಾರಿ. ಅವರು ಅಲ್ಲಿ ಮಂಗಳಾರತಿ ಮುಗಿಸುತ್ತಿದ್ದರು. ಮುಂದಿನ ಮನೆ ಆಂಟಿಯದು.

ಆಂಟಿಯ ಹಳೇ ಕಾರು ಮಳೆಗಾಲವಿಡೀ ಕವರಿನೊಳಗೆ ಕೂತಿತ್ತು. ಕವರು ತೆಗೆದು, ತೊಳೆದು, ಕೀಲಿ ತಿರುಗಿಸಿದರೆ ಅದು ಕೆಮ್ಮಲೂ ಇಲ್ಲ. ಬ್ಯಾಟರಿ ಸತ್ತಿತ್ತು. ನಿಂಬೆಹಣ್ಣು ತುಳಿಯದ ಗಾಡಿಗೆ ಪೂಜೆ ಮಾಡಿ ಏನು ಪ್ರಯೋಜನ? ಅದೂ ಎದುರಿಗೆ ಹೊಸ ಕಾರು ನಿಂತಿರುವಾಗ. ಅಂಕಲ್ ಆ ಕಡೆಯಿಂದ ನನ್ನನ್ನು ಕೂಗಿ, ಆಂಟಿಗೆ ಕೇಳಿಸುವಂತೆ ಅಂದರು:

"ಏನ್ ಮೇಡಂ, ಈ ಸಲ ನಿಮ್ಮ ಕಡೆ ಗಾಡಿ ಇಲ್ವಾ ಪೂಜೆಗೆ?"

ಆಂಟಿಯ ಮುಖ ನೋಡಲಾಗಲಿಲ್ಲ. ಕೋಲಿನ ಮೇಲೆ ಹಿಡಿತ ಬಿಗಿಯಾಯಿತು. ಸುತ್ತಲೂ ನೋಡಿದರು. ಮೆಟ್ಟಿಲ ಕೆಳಗೆ ಕಣ್ಣು ನಿಂತಿತು. ಕೊನೆಯ ದಿನವಲ್ಲವೇ ಎಂದು ನಾನು ಹಿಂದಿನ ಸಂಜೆಯಷ್ಟೇ ಅದನ್ನು ತಿಕ್ಕಿ ತೊಳೆದಿದ್ದೆ.

"ಯಾಕಿಲ್ಲ?" ಅಂದರು ಜೋರಾಗಿ. "ಮೇಡಂ, ನಮ್ಮ ಗಾಡಿ ತರ್ರಿ."

ನಮ್ಮ ಗಾಡಿ. ನಾಳೆ ಕಂಬಕ್ಕೆ ಹೋಗಬೇಕಾದ ಗಾಡಿ.

ಹ್ಯಾಂಡಲ್ಲಿಗೆ ವಿಭೂತಿ ಬಂತು, ಸೀಟಿಗೆ ಹಾರ ಬಂತು. ಚಕ್ರದ ಬಳೆಗೆ ಕುಂಕುಮ ಇಡಲು ಹೋದರೆ ತೇವಕ್ಕೆ ನಿಲ್ಲಲಿಲ್ಲ. ಆಂಟಿ ಒಳಗೆ ಹೋಗಿ ದೀಪದ ಎಣ್ಣೆಯ ಬಟ್ಟಲು ತಂದು, ಎರಡೂ ಚಕ್ರದ ಬಳೆಗೆ ಸುತ್ತಲೂ ಧಾರಾಳವಾಗಿ ಎಣ್ಣೆ ಸವರಿದರು.

"ಆಂಟಿ, ಅಲ್ಲಿ ಬೇಡ. ಬ್ರೇಕ್ ಹಿಡಿಯೋ ಜಾಗ ಅದು."

"ಪೂಜೆ ದಿನ ಬ್ರೇಕ್ ಯಾಕ್ರಿ? ಗಾಡಿ ಮುಂದಕ್ಕೆ ಹೋಗ್ಬೇಕು."

ಘರ್ಷಣೆಯ ಬಗ್ಗೆ ಹೇಳಬಹುದಿತ್ತು. ಆದರೆ ಮೆಟ್ಟಿಲ ಕೆಳಗಿನ ಜಾಗದ ಪ್ರಶ್ನೆ. ಹ್ಯಾಂಡಲ್ಲು ಹಿಡಿದೆ.

ನಮ್ಮ ಗೇಟಿನಿಂದ ರಸ್ತೆಗೆ ಕಡಿದಾದ ಇಳಿಜಾರು. ಅದರ ನೆತ್ತಿಯಲ್ಲಿ ಆಂಟಿ ಒಂದು ನಿಂಬೆಹಣ್ಣು ಇಟ್ಟರು. "ತುಳೀರಿ," ಅಂದರು. ನಾನು ಹತ್ತಿ ಒಂದು ಪೆಡಲು ತುಳಿದೆ. ಟಪ್. ನಿಂಬೆಹಣ್ಣು ಅಪ್ಪಚ್ಚಿ. ಆಂಟಿ ಚಪ್ಪಾಳೆ ತಟ್ಟಿದರು. ನಾನು ಬ್ರೇಕ್ ಹಿಡಿದೆ.

ಬ್ರೇಕು ಹಿಡಿಯಿತು. ಸೈಕಲ್ಲು ನಿಲ್ಲಲಿಲ್ಲ.

ಇಳಿಜಾರು ಇಳಿದೆ, ಗೇಟಿನ ಮುಂದಿನ ನೀರು ದಾಟಿದೆ, ರಸ್ತೆ ದಾಟಿದೆ. ಎದುರಿಗೆ ಹೊಸ ಕಾರಿನ ಮೂತಿ. ಅದಕ್ಕೆ ಗುದ್ದುವುದು ಬೇಡವೆಂದು ಹ್ಯಾಂಡಲ್ಲು ತಿರುಗಿಸಿದೆ. ಕಾರಿನ ಮೂತಿಗೆ ಸವರಿಕೊಂಡು, ಈ ತುದಿಯಿಂದ ಆ ತುದಿಗೆ, ಟಪ್, ಟಪ್. ಎರಡೂ ನಿಂಬೆಹಣ್ಣು. ಆಮೇಲೆ ಒಡೆದ ಬೂದುಗುಂಬಳದ ರಾಶಿ. ಆಮೇಲೆ ಬಾಳೆಕಂದು. ಅದನ್ನು ತಬ್ಬಿಕೊಂಡು ನಿಂತೆ.

ಪೂಜಾರಿಯ ಗಂಟೆ ಅರ್ಧಕ್ಕೇ ನಿಂತಿತು.

"ರೀ ಮೇಡಂ!" ಅಂಕಲ್ ಕಿರುಚಿದರು. "ಹೊಸಾ ಕಾರು ರೀ! ಮೊದಲ್ನೇ ಪೂಜೆ ರೀ! ನಮ್ಮ ನಿಂಬೆಹಣ್ಣು ನೀವು ತುಳಿದುಬಿಟ್ರಲ್ರೀ!"

"ದೃಷ್ಟಿ ಹೋಗೋಕೆ ತಾನೇ ತುಳಿಯೋದು?" ಅಂದರು ಪೂಜಾರಿ. ಅವರಿಗೆ ಇನ್ನೂ ಅರ್ಧ ಬೀದಿ ಬಾಕಿಯಿತ್ತು. "ಹೋಯ್ತಲ್ಲ ಸಾರ್."

"ಹೋಗಿದ್ದು ಸೈಕಲ್ ದೃಷ್ಟಿ ಸ್ವಾಮಿ! ನನ್ನ ಕಾರಿಂದಲ್ಲ!"

"ಹಂಗಾದ್ರೆ ಬೇರೆ ಎರಡು ನಿಂಬೆಹಣ್ಣು ತನ್ನಿ."

ಮನೆಯಲ್ಲಿ ಇರಲಿಲ್ಲ. ಹಬ್ಬದ ದಿನ ಅಂಗಡಿಯಲ್ಲೂ ಉಳಿದಿರಲಿಲ್ಲ. ಆಗ ರಸ್ತೆಯ ಆ ಬದಿಯಿಂದ ಆಂಟಿ, ಎಷ್ಟೋ ವರ್ಷಗಳ ಮೇಲೆ, ನನ್ನ ಮೂಲಕವಲ್ಲದೆ ನೇರವಾಗಿ ಅಂಕಲ್ ಜೊತೆ ಮಾತಾಡಿದರು:

"ನಿಂಬೆಹಣ್ಣು ನಮ್ಮನೇಲಿ ಅದಾವ್ರಿ. ಬಂದು ಇಸ್ಕೊಂಡು ಹೋಗ್ರಿ. ಗೇಟ್ ಮುಂದೆ ನೀರು ನಿಂತೈತೆ, ಪಂಚೆ ಎತ್ಕೊಂಡು ಬರ್ರಿ."

ಅಂಕಲ್ ರೇಷ್ಮೆ ಪಂಚೆ ಮೊಣಕಾಲಿಗೆತ್ತಿಕೊಂಡು, ತಾವೇ ಕಾರು ತೊಳೆದ ನೀರಿನಲ್ಲಿ ಕಾಲಿಟ್ಟು ಬಂದರು. ಇಡೀ ಬೀದಿ ನೋಡಿತು. ಆಂಟಿ ನಿಂಬೆಹಣ್ಣುಗಳನ್ನು ತಟ್ಟೆಯಲ್ಲಿಟ್ಟು, ಮರ್ಯಾದೆಯಾಗಿ ಕೊಟ್ಟರು. ಅಂಥ ಕಾಂತಿ ಆ ಮುಖದಲ್ಲಿ ಟೈಲ್ಸ್ ಹೊಸದಾಗಿದ್ದಾಗಲೂ ಇದ್ದಿರಲಾರದು.

ಸೈಕಲ್ಲಿನ ಸ್ಥಿತಿ ಹೇಳುವಂತಿರಲಿಲ್ಲ. ಎಣ್ಣೆ, ಕುಂಕುಮ, ಕುಂಬಳದ ತಿರುಳು, ನಿಂಬೆಯ ಬೀಜ, ಬಾಳೆಯ ಅಂಟು, ಅದರ ಮೇಲೆ ಕೆಸರು. ಇದರ ಮುಂದೆ ಶ್ರೀಗಂಧದ ಕಾವಲಿನ ಮಣ್ಣು ಏನೂ ಅಲ್ಲ. ಹೊರಗೇ ತೊಳೆಯೋಣವೆಂದು ಬಕೆಟ್ಟು ತಂದೆ.

"ತೊಳೀಬ್ಯಾಡ್ರಿ!" ಆಂಟಿ ಓಡಿ ಬಂದರು. "ಪೂಜೆ ಆದ ಗಾಡಿ. ಇವತ್ತು ನೀರು ಹಾಕಬಾರ್ದು. ಹಂಗೇ ಒಳಗೆ ತರ್ರಿ."

"ಟೈಲ್ಸ್, ಆಂಟಿ?"

"ತರ್ರಿ ಅಂದೆ."

ತಳ್ಳಿಕೊಂಡು ಒಳಗೆ ಹೋದೆ. ಗೇಟಿನಿಂದ ಮೆಟ್ಟಿಲವರೆಗೆ ಬಿಳಿಯ ಮೇಲೆ ಕೆಂಪಗೆ, ಅಂಟಂಟಾಗಿ ಒಂದು ಉದ್ದನೆಯ ಗೆರೆ. ಆಂಟಿ ಕೋಲನ್ನು ಗೋಡೆಗೆ ಒರಗಿಸಿ, ದಾರಿ ಬಿಟ್ಟು ನಿಂತರು.

ಮಾರನೆಯ ಬೆಳಿಗ್ಗೆ, ಮಾತಿನಂತೆ, ಸರಪಳಿ ಬೀಗ ಹಿಡಿದು ಕೆಳಗಿಳಿದೆ. ಆಂಟಿ ಗೆರೆ ಒರೆಸುತ್ತಿದ್ದರು.

"ಎಲ್ಲಿಗೆ?"

"ಕಂಬಕ್ಕೆ ಆಂಟಿ. ನೀವೇ ಹೇಳಿದ್ರಲ್ಲ."

"ಅದು ಬಟ್ಟೆ ಹಾಳಾದ ಸಿಟ್ಟು ಕಣ್ರಿ, ಹೋಯ್ತು. ಮೆಟ್ಟಿಲ ಕೆಳಗಡೇನೇ ಇರ್ಲಿ. ಮುಂದಿನ ವರ್ಷ ಪೂಜೆಗೆ ಬೇಕಲ್ಲ."

ಸಿಕ್ಕಿದ ಜಾಗ ಉಳಿಯಲಿ, ಜೊತೆಗೆ ನನ್ನ ಎಲುಬುಗಳೂ ಉಳಿಯಲಿ ಎಂದು ವಿವರಿಸಿದೆ. "ಆದ್ರೆ ಚಕ್ರದ ಬಳೆಗೆ ಎಣ್ಣೆ ಮಾತ್ರ ಹಚ್ಚಬಾರ್ದು ಆಂಟಿ. ಹಚ್ಚಿದ್ರೆ ಬ್ರೇಕ್ ನಿಲ್ಲಲ್ಲ. ನಿನ್ನೆ ನಾನು ನೆಟ್ಟಗೆ ಹೋಗಿ ಅವರ ನಿಂಬೆಹಣ್ಣು ತುಳಿದಿದ್ದು ಅದಕ್ಕೇನೇ."

ಆಂಟಿ ಒರೆಸುವುದನ್ನು ನಿಲ್ಲಿಸಿದರು. ತಲೆಯೆತ್ತಿ ಎದುರುಮನೆಯ ಗೇಟನ್ನೂ, ನಮ್ಮ ಇಳಿಜಾರನ್ನೂ ಒಂದು ಸಲ ಅಳೆಯುವಂತೆ ನೋಡಿದರು.

"ಹೌದಾ?" ಅಂದರು. "ಹಂಗಾದ್ರೆ ಬ್ಯಾರೆ ಯಾರೂ ಹಚ್ಚೋದು ಬ್ಯಾಡ. ನಾನೇ ಹಚ್ತೀನಿ."